ನೆಲ್ಸನ್ನಿನ ಇಳಿಜಾರಿನಲ್ಲಿ ಒಂದು ಹ್ಯಾಂಡ್‌ಬ್ರೇಕು

ಸೂಟ್‌ಕೇಸಿನ ಗಾಲಿ

ನೆಲ್ಸನ್ ಮುಟ್ಟಿದ ಮರುದಿನ ಬೆಳಗ್ಗೆ ಬಾಗಿಲು ತೆಗೆದು ನೋಡಿದರೆ, ಪಡಸಾಲೆಯಲ್ಲಿ ಬಿಟ್ಟಿದ್ದ ನನ್ನ ಸೂಟ್‌ಕೇಸಿನ ಗಾಲಿಗೆ ಯಾರೋ ಕಟ್ಟಿಗೆಯ ಬೆಣೆ ಕೊಟ್ಟಿದ್ದರು. ಲಾರಿ ನಿಲ್ಲಿಸಿದಾಗ ನಮ್ಮ ಕಡೆ ಚಕ್ರಕ್ಕೆ ಕಲ್ಲು ಕೊಡುತ್ತಾರಲ್ಲ, ಹಾಗೆ. ಆದರೆ ಇದು ಅಂಗೈಯಲ್ಲಿ ಅಡಗುವಷ್ಟು ಸಣ್ಣದು. ಅಂಚುಗಳನ್ನು ಮರಳುಕಾಗದ ಹಾಕಿ ತಿಕ್ಕಿ ನುಣ್ಣಗೆ ಮಾಡಿತ್ತು. ತಿರುಗಿಸಿ ನೋಡಿದೆ. ಕೆಳಗೆ ಪೆನ್ಸಿಲಿನಲ್ಲಿ ಮೂವತ್ತನಾಲ್ಕು ಎಂದು ಬರೆದಿತ್ತು.

ಪಡಸಾಲೆಯ ನೆಲ ಸಪಾಟಾಗಿತ್ತು. ಅಲ್ಲಿಂದ ಯಾವ ಸೂಟ್‌ಕೇಸೂ ಎಲ್ಲಿಗೂ ಓಡಿಹೋಗುವ ಹಾಗಿರಲಿಲ್ಲ.

ಅಂಗಳಕ್ಕಿಳಿದೆ. ಕಸದ ಡಬ್ಬಿಯ ಎರಡು ಗಾಲಿಗೆ ಎರಡು ಬೆಣೆ. ತೋಟದ ತಳ್ಳುಗಾಡಿಗೆ ಒಂದು. ನೀರಿನ ಪೈಪು ಸುತ್ತಿಟ್ಟ ಬಂಡಿಗೆ ಎರಡು. ನನ್ನ ಅಕ್ಕನ ಮಗಳು ಸುಜಾತಾಳ ಕಾರಿಗೆ ನಾಲ್ಕು. ಎಲ್ಲವೂ ಒಂದೇ ಅಚ್ಚಿನವು. ಇಬ್ಬನಿಯಲ್ಲಿ ತೊಯ್ದು ಸಾಲಾಗಿ ಕೂತಿದ್ದವು.

ಸುಜಾತಾ ಕೆಲಸಕ್ಕೆ ಹೊರಟಿದ್ದಳು. ನನ್ನ ಕೈಯಲ್ಲಿದ್ದ ಬೆಣೆ ನೋಡಿ ನಿಂತಳು.

"ಇಟ್ಟುಬಿಡು ಮಾಮಾ. ಎಲ್ಲಿತ್ತೋ ಅಲ್ಲೇ ಇಡು. ನೋಲೀನ್ ಆಂಟಿ ಇಟ್ಟಿರ್ತಾರ."

"ಯಾಕ?"

"ಆಮ್ಯಾಲ ಹೇಳ್ತೀನಿ, ಶಿಫ್ಟಿಗೆ ಲೇಟ್ ಆಗೈತಿ." ತನ್ನ ಕಾರಿನ ನಾಲ್ಕು ಬೆಣೆಗಳನ್ನು ತೆಗೆದು ಗೋಡೆಯ ಬುಡಕ್ಕೆ ಓರಣವಾಗಿ ಜೋಡಿಸಿ ಹೊರಟುಹೋದಳು. ಚಪ್ಪಲಿ ಬಿಟ್ಟು ದೇವರ ಕೋಣೆಗೆ ಹೋಗುವವರ ಹಾಗೆ, ಯೋಚನೆ ಮಾಡದೆ ಮಾಡಿದ ಕೆಲಸ ಅದು.

ನನ್ನ ಪರಿಚಯ ಹೇಳಬೇಕು. ಗದಗಿನಲ್ಲಿ ನನ್ನದೊಂದು ಕೇಬಲ್ ಅಂಗಡಿ. ಟಿವಿಯ ಕೇಬಲ್ ಅಲ್ಲ. ಸ್ಕೂಟರಿನ ಕ್ಲಚ್ಚು, ಆಟೋದ ಬ್ರೇಕು, ಟೆಂಪೋದ ಹ್ಯಾಂಡ್‌ಬ್ರೇಕು, ಇವುಗಳ ತಂತಿ. ಅಳತೆ ಕೊಟ್ಟರೆ ಕತ್ತರಿಸಿ, ತುದಿಗೆ ನಿಪ್ಪಲ್ ಎಂಬ ಲೋಹದ ಗುಂಡು ಕೂರಿಸಿ ಕೊಡುತ್ತೇನೆ. ಮೂವತ್ತೊಂದು ವರ್ಷದಿಂದ ಅದೇ ಕೆಲಸ. ಸುಜಾತಾ ಓದಲು ಬಂದು ನ್ಯೂಜಿಲೆಂಡಿನಲ್ಲೇ ಉಳಿದವಳು. ಸೇಬು ತುಂಬುವ ಕಾರ್ಖಾನೆಯಲ್ಲಿ ಹಣ್ಣಿನ ಗುಣಮಟ್ಟ ನೋಡುವ ಕೆಲಸ. ನೋಲೀನ್ ಎಂಬ ವಯಸ್ಸಾದ ಹೆಂಗಸಿನ ಹಿತ್ತಲಿನಲ್ಲಿ ಒಂದೂವರೆ ಕೋಣೆಯ ಬಿಡಿಮನೆ ಬಾಡಿಗೆಗೆ ಹಿಡಿದಿದ್ದಳು. ಎರಡು ಸಾವಿರದ ಹದಿನಾರರ ಏಪ್ರಿಲ್‌ನಲ್ಲಿ, "ಒಮ್ಮೆ ಬಾ ಮಾಮಾ, ಆರು ವಾರ ಇದ್ದು ಹೋಗು" ಎಂದು ಹಟ ಹಿಡಿದು ಕರೆಸಿಕೊಂಡಿದ್ದಳು.

ಆ ದಿನ ಒಬ್ಬನೇ ಬೀದಿಯ ತುದಿಯವರೆಗೆ ಹೋಗಿಬಂದೆ. ಮೂಲೆಯಲ್ಲೊಂದು ಡೇರಿ. ಡೇರಿ ಎಂದರೆ ಇಲ್ಲಿ ಕಿರಾಣಿ ಅಂಗಡಿ. ಒಳಗೆ ಒಬ್ಬ ದೊಡ್ಡ ಮನುಷ್ಯ ಬರಿಗಾಲಲ್ಲಿ ನಿಂತು ಬ್ರೆಡ್ಡು ಆರಿಸುತ್ತಿದ್ದ. ನನ್ನನ್ನು ನೋಡಿ ಎರಡೂ ಹುಬ್ಬು ಮೇಲೆತ್ತಿ ಇಳಿಸಿದ. ಅದು ಇಲ್ಲಿನ ನಮಸ್ಕಾರವಂತೆ. ಅವನನ್ನು ಬಿಟ್ಟರೆ ಆ ಬೀದಿಯಲ್ಲಿ ನರಪಿಳ್ಳೆಯೂ ಕಾಣಲಿಲ್ಲ. ಮನೆಗಳಿದ್ದವು, ಹೂವಿದ್ದವು, ಒಣಹಾಕಿದ ಬಟ್ಟೆಗಳಿದ್ದವು. ಗದಗಿನಲ್ಲಿ ಅಷ್ಟು ಮೌನ ಕೇಳಿದರೆ ಯಾರೋ ಸತ್ತಿದ್ದಾರೆ ಎಂದೇ ಅರ್ಥ.

ಮಧ್ಯಾಹ್ನ ಹನ್ನೆರಡಕ್ಕೆ ಅಂಗಳದಲ್ಲಿ ನಿಂತಾಗ ಇನ್ನೊಂದು ಕಳವಳ. ಸೂರ್ಯ ತಲೆಯ ಮೇಲಿರಲಿಲ್ಲ. ಉತ್ತರಕ್ಕೆ ಸರಿದು ಗುಡ್ಡದ ಮೇಲೆ ನಿಂತಿದ್ದ. ಏಪ್ರಿಲ್ ನಡುಹಗಲಿನಲ್ಲಿ ನಮ್ಮೂರಲ್ಲಿ ನೆರಳು ಕಾಲಬುಡದಲ್ಲಿ ಮುದುಡಿಕೊಂಡಿರುತ್ತದೆ. ಇಲ್ಲಿ ನನ್ನ ನೆರಳು ಉದ್ದವಾಗಿ, ದಕ್ಷಿಣದ ಕಡೆ ಮಲಗಿತ್ತು.

ಟೀಗೆ ಕರೆದರು

ಸಂಜೆ ಐದೂವರೆಗೆ ನೋಲೀನ್ ನಮ್ಮಿಬ್ಬರನ್ನು ಟೀಗೆ ಕರೆದಿದ್ದರು. ಒಂದು ಕಪ್ಪು ಕುಡಿದು ಬರುವುದು ಎಂದುಕೊಂಡು ನಾನು ಹೊರಡುವ ಮೊದಲು ಎರಡು ರೊಟ್ಟಿ ತಿಂದೆ. ಹೋಗಿ ನೋಡಿದರೆ ಮೇಜಿನ ತುಂಬ ಊಟ. ಕುಂಬಳಕಾಯಿಯ ಸೂಪು, ಸುಟ್ಟ ಆಲೂಗಡ್ಡೆ, ಬ್ರೆಡ್ಡು. ಟೀ ಎಂದರೆ ಇಲ್ಲಿ ರಾತ್ರಿಯ ಊಟ ಎಂದು ಸುಜಾತಾ ಹೇಳಲು ಮರೆತಿದ್ದಳು. ನಮ್ಮಲ್ಲಿ ದನ ಮನೆಗೆ ತಿರುಗುವ ಹೊತ್ತಿಗೆ ಇಲ್ಲಿ ಪಾತ್ರೆ ತೊಳೆದು ಮುಗಿದಿರುತ್ತದೆ. ಹೊಟ್ಟೆ ಬಿರಿಯುವಷ್ಟು ತಿಂದೆ.

ನೋಲೀನ್‌ಗೆ ಎಪ್ಪತ್ತು ದಾಟಿತ್ತು. ಎತ್ತರದ ಹೆಂಗಸು, ಬಿಳಿಯ ಕೂದಲನ್ನು ಗಂಡಸರ ಹಾಗೆ ಕತ್ತರಿಸಿಕೊಂಡಿದ್ದರು. ನನ್ನ ಕೈ ಹಿಡಿದು ಕುಲುಕಿದಾಗ ಬೆರಳಿನ ಗಂಟು ನೊಂದವು. ನಲವತ್ತು ವರ್ಷ ಬಂದರಿನ ಹತ್ತಿರ ದೋಣಿಯ ಹಾಯಿ ಹೊಲಿದ ಕೈಯಂತೆ. ಬಸವರಾಜ ಎಂಬ ಹೆಸರು ಅವರ ಬಾಯಲ್ಲಿ ಹೊರಳಲಿಲ್ಲ, 'ಬಾಸ್' ಎಂದರು. ಅಂಗಡಿಯ ಕೆಲಸದವರೂ ನನ್ನನ್ನು ಹಾಗೆ ಕರೆದವರಲ್ಲ.

ಅವರ ಇಂಗ್ಲಿಷು ನನಗೆ ಅರ್ಧ ತಿಳಿಯುತ್ತಿತ್ತು, ಇನ್ನರ್ಧ ಸುಜಾತಾ ತಿಳಿಸುತ್ತಿದ್ದಳು. ತಟ್ಟೆ ತೆಗೆದಾದ ಮೇಲೆ ಅವರು ಹೇಳಿದರು.

"ಬಾಸ್, ನೀವು ಬ್ರೇಕಿನ ಕೇಬಲ್ ಮಾಡುತ್ತೀರಿ ಎಂದು ಸುಜಾತಾ ಹೇಳಿದಳು. ನನ್ನ ಶೆಡ್ಡಿನಲ್ಲಿ ಒಂದು ಕಾರಿದೆ. ಬಿಡಿಭಾಗ ತರಿಸಿ ಮನೆಯಲ್ಲೇ ಕಟ್ಟಿದ್ದು. ನನ್ನ ತಮ್ಮ ರಾಸ್ ಮತ್ತು ನಾನು, ಒಂಬತ್ತು ವರ್ಷ ಕಟ್ಟಿದೆವು. ಮುಂದಿನ ವಾರ ಗುರುವಾರ ಪರೀಕ್ಷಕರು ಬರುತ್ತಾರೆ. ಅವರು ಒಪ್ಪಿದರೆ ಅದು ರಸ್ತೆಗೆ ಇಳಿಯಬಹುದು. ಹ್ಯಾಂಡ್‌ಬ್ರೇಕು ಒಂದು ಉಳಿದಿದೆ. ನೋಡುತ್ತೀರಾ?"

"ನೋಡೋಣ. ನಿಮ್ಮ ತಮ್ಮ ಎಲ್ಲಿದ್ದಾರೆ?"

ಸುಜಾತಾ ಈ ಪ್ರಶ್ನೆಯನ್ನು ಇಂಗ್ಲಿಷಿಗೆ ದಾಟಿಸಲಿಲ್ಲ. ಆದರೆ ನೋಲೀನ್‌ಗೆ ಅರ್ಥವಾಗಿತ್ತು.

"ಎರಡು ವರ್ಷದ ಹಿಂದೆ ತೀರಿಕೊಂಡ. ಆ ಕಾರೇ ಹೊಡೆಯಿತು," ಎಂದರು. ಉಪ್ಪಿನ ಡಬ್ಬಿಯನ್ನು ಸರಿಯಾಗಿ ಮೇಜಿನ ನಡುವೆ ಇಟ್ಟರು. "ಬ್ರೇಕು ಎಳೆದವಳು ನಾನು. ಸಾಕಷ್ಟು ಎಳೆಯಲಿಲ್ಲ."

ನಡೆದದ್ದನ್ನು ಅವರೇ ಹೇಳಿದರು. ಮದುವೆಯಾಗದ ಅಕ್ಕ, ಮದುವೆಯಾಗದ ತಮ್ಮ. ಹುಟ್ಟಿದಾಗಿನಿಂದ ಒಂದೇ ಮನೆ. ಆ ದಿನ ಕಾರು ಮೊದಲ ಸಲ ತನ್ನ ಕಾಲ ಮೇಲೆ ಓಡಿತ್ತು. ರಸ್ತೆಗೆ ಒಯ್ಯುವ ಹಾಗಿಲ್ಲ, ಹಾಗಾಗಿ ಗೇಟಿನಿಂದ ಶೆಡ್ಡಿನವರೆಗಿನ ತಮ್ಮದೇ ಉದ್ದ ಇಳಿಜಾರಿನಲ್ಲಿ ಹನ್ನೊಂದು ಸಲ ಹತ್ತಿಸಿ ಇಳಿಸಿದ್ದರು. ಕೊನೆಗೆ ಮೇಲೆ ನಿಲ್ಲಿಸಿದಾಗ ರಾಸ್ ಹೇಳಿದ್ದ: ಗೇರಿನಲ್ಲಿ ಇಡಬೇಡ ನೋಲ್, ಬ್ರೇಕೊಂದೇ ಹಿಡಿಯುತ್ತದೋ ನೋಡೋಣ. ಅವರು ಲಿವರು ಎಳೆದರು. ಕಾರು ನಿಂತಿತು. ಇಬ್ಬರೂ ಅದನ್ನು ದಬ್ಬಿ ನೋಡಿದರು, ಅಲುಗಲಿಲ್ಲ. ಅವರು ನೀರು ಕಾಯಿಸಲು ಒಳಗೆ ಹೋದರು. ರಾಸ್ ಕೆಳಗೆ ಗೇಟಿನ ಚಿಲಕಕ್ಕೆ ಎಣ್ಣೆ ಬಿಡುತ್ತ ಬೆನ್ನು ಮಾಡಿ ಬಾಗಿದ್ದ. ಅರ್ಧ ತಾಸು ಕಳೆದಿರಲಿಲ್ಲ.

"ಎಂಜಿನ್ ಬಂದ್ ಇರುವ ಕಾರಿಗೆ ಸದ್ದೇ ಇರುವುದಿಲ್ಲ, ಬಾಸ್," ಎಂದರು. "ನಾನು ಕಿಟಕಿಯಿಂದ ನೋಡುತ್ತಿದ್ದೆ. ಅದು ನನ್ನ ಕಣ್ಣೆದುರೇ ಹೋಯಿತು. ಒಳಗೆ ಯಾರೂ ಇರಲಿಲ್ಲ."

ಹ್ಯಾಂಡ್‌ಬ್ರೇಕನ್ನು ಪೂರ್ತಿ ಎಳೆದಿರಲಿಲ್ಲ ಎಂದು ಆಮೇಲೆ ತನಿಖೆಗೆ ಬಂದವರು ಬರೆದುಕೊಂಡು ಹೋದರಂತೆ. ಅಂಗಳದ ಬೆಣೆಗಳು ಆ ವಾರದಿಂದ ಶುರುವಾದವು.

ಶೆಡ್ಡು

ಮರುದಿನ ಬೆಳಗ್ಗೆ ನೋಲೀನ್ ಮತ್ತು ನಾನು ಶೆಡ್ಡಿಗೆ ಹೋದೆವು. ಕಾರು ಹಸಿರು ಬಣ್ಣದ್ದು, ಮೇಲೆ ಛಾವಣಿಯಿಲ್ಲ, ಇಬ್ಬರಿಗಷ್ಟೇ ಜಾಗ. ನನ್ನ ಸೊಂಟದವರೆಗೂ ಬರಲಿಲ್ಲ. ಮೂತಿಯ ಎಡಗಡೆ ಅಂಗೈಯಗಲ ತಗ್ಗು. ಅದನ್ನು ತಟ್ಟಿ ಸರಿಮಾಡಿರಲಿಲ್ಲ. ಮಿಕ್ಕಂತೆ ಒಂದು ಚೂರು ಧೂಳಿಲ್ಲ. ಎರಡು ವರ್ಷ ಯಾರೂ ಓಡಿಸದ ಕಾರನ್ನು ಪ್ರತಿ ಭಾನುವಾರ ಒರೆಸಿದ್ದರು. ಎಂಜಿನ್ನನ್ನೂ ವಾರಕ್ಕೊಮ್ಮೆ ಚಾಲೂ ಮಾಡಿ ಹತ್ತು ನಿಮಿಷ ಬಿಡುತ್ತಿದ್ದರಂತೆ.

ಕಾರನ್ನು ಸ್ಟ್ಯಾಂಡಿನ ಮೇಲೆ ಎತ್ತಿ ನಾನು ಕೆಳಗೆ ಹೊರಳಿದೆ. ನೋಲೀನ್ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ದೀಪ ಹಿಡಿದರು. ಅವರ ಮುಖ ನನಗೆ ಕಾಣುತ್ತಿರಲಿಲ್ಲ, ಬರಿಗಾಲುಗಳಷ್ಟೇ ಕಾಣುತ್ತಿದ್ದವು.

ಇದರ ಹಿಂದಿನ ಬ್ರೇಕು ಡಿಸ್ಕಿನದು. ಲಿವರು ಎಳೆದರೆ ಕೇಬಲ್ಲು ಎರಡೂ ಕಡೆ ಒಂದೊಂದು ಸಣ್ಣ ತೋಳನ್ನು ಎಳೆಯುತ್ತದೆ, ಆ ತೋಳು ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಲಿವರು ಬಿಟ್ಟಾಗ ತೋಳು ಪೂರ್ತಿ ಹಿಂದೆ ಬಂದು ತನ್ನ ತಡೆಗೆ ತಾಗಿ ನಿಲ್ಲಬೇಕು. ಹಾಗೆ ನಿಂತರೆ ಮಾತ್ರ ಪ್ಯಾಡು ಸವೆದಷ್ಟನ್ನು ಬ್ರೇಕು ತಾನೇ ಸರಿದೂಗಿಸಿಕೊಳ್ಳುತ್ತದೆ. ಕೈಗೆ ಹದಿಮೂರರ ಪಾನಾ, ಅಂದರೆ ಸ್ಪ್ಯಾನರು, ಬೇಕಿತ್ತು. ಕೇಳಲು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಿಂದ ಒಂದು ಕೈ ಒಳಗೆ ಬಂತು. ಅದರಲ್ಲಿ ಹದಿಮೂರರ ಪಾನಾ ಇತ್ತು.

ಇಕ್ಕಳ ಬೇಕೆಂದು ಅಂದುಕೊಂಡೆ. ಇಕ್ಕಳ ಬಂತು. ಒರೆಸಲು ಅರಿವೆ ಬೇಕಿತ್ತು. ಅರಿವೆ ಬಂತು. ಒಂಬತ್ತು ವರ್ಷ ಒಬ್ಬನ ಪಕ್ಕ ಕೂತು ಕಲಿತದ್ದು ಎಂದು ನನಗೆ ಗೊತ್ತಿತ್ತು. ಆದರೂ ಕಾರಿನ ಕೆಳಗೆ ಮಲಗಿದ್ದಾಗ, ನನ್ನ ಮನಸ್ಸಿನಲ್ಲಿದ್ದದ್ದು ಪಕ್ಕದಿಂದ ಕೈಯಾಗಿ ಬರುವುದು ನನಗೆ ಸರಿಯೆನಿಸಲಿಲ್ಲ.

"ಹತ್ತು ಬೇಕಲ್ಲವಾ, ರಾಸ್?" ಎಂದಿತು ಆ ದನಿ.

ತಾವು ಯಾರ ಹೆಸರು ಕರೆದೆವೆಂದು ಅವರಿಗೆ ತಿಳಿದ ಹಾಗೆ ಕಾಣಲಿಲ್ಲ. ಹತ್ತರ ಪಾನಾ ಇಸಿದುಕೊಂಡೆ. ಬೇಕಾಗಿದ್ದದ್ದು ಅದೇ.

ಆಗ ದೀಪದ ಬೆಳಕು ಬಲಗಡೆಯ ತೋಳಿನ ಮೇಲೆ ಬಿತ್ತು. ಲಿವರು ಪೂರ್ತಿ ಕೆಳಗಿತ್ತು. ಆದರೆ ತೋಳು ತಡೆಗೆ ತಾಗಿರಲಿಲ್ಲ. ನಡುವೆ ನನ್ನ ಕಿರುಬೆರಳು ಹೋಗುವಷ್ಟು ಸಂದು. ಎಡಗಡೆಯೂ ಹಾಗೇ. ಕೇಬಲ್ಲನ್ನು ಮುಟ್ಟಿದೆ, ಏಕತಾರಿಯ ತಂತಿಯ ಹಾಗೆ ಬಿಗಿದಿತ್ತು. ಅಡ್ಜಸ್ಟರಿನ ನಟ್ಟನ್ನು ತಿರುಪಿನ ಕೊನೆಯವರೆಗೆ ತಿರುಗಿಸಿತ್ತು. ಅಷ್ಟೇ ಅಲ್ಲ, ಹೊರಕವಚ ಒಂದು ಕಡೆ ಮೊಣಕೈ ಹಾಗೆ ಮಡಚಿಕೊಂಡಿತ್ತು, ಒಳಗಿನ ತಂತಿಯ ಮೂರು ಎಳೆ ಹರಿದಿದ್ದವು.

ಇಂಥದ್ದನ್ನು ನಾನು ನೂರು ಸಲ ನೋಡಿದ್ದೇನೆ. ಲಿವರು ಬಹಳ ಮೇಲೆ ಬರುತ್ತದೆ ಎಂದು ಜನ ಕೇಬಲ್ಲನ್ನೇ ಬಿಗಿದುಬಿಡುತ್ತಾರೆ. ಮೊದಲು ಗಾಲಿಯ ಹತ್ತಿರ ಸರಿ ಮಾಡಬೇಕು, ಕೇಬಲ್ಲು ಕೊನೆಗೆ. ಉಲ್ಟಾ ಮಾಡಿದರೆ ಬ್ರೇಕು ಹಿಡಿದ ಹಾಗೇ ಕಾಣುತ್ತದೆ. ಡಿಸ್ಕು ಕಾದು ಉಬ್ಬಿರುವವರೆಗೆ ಹಿಡಿದೂ ಇರುತ್ತದೆ. ಕಬ್ಬಿಣ ಆರುತ್ತ ಬಂದ ಹಾಗೆ ಕೂದಲೆಳೆಯಷ್ಟು ಕುಗ್ಗುತ್ತದೆ. ಗಾಲಿ ಸಡಿಲಾಗಲು ಆ ಕೂದಲೆಳೆಯೇ ಸಾಕು.

ಅಂದರೆ ಆಕೆಯ ಕೈ ಸೋತಿರಲಿಲ್ಲ. ಆ ನಟ್ಟು ತಿರುಗಿಸಿದವನು ರಾಸ್.

"ಏನಾದರೂ ಕಂಡಿತೇ?" ಎಂದರು ನೋಲೀನ್.

"ಕೇಬಲ್ಲು ಹಳೆಯದು. ಹೊಸದು ಮಾಡಬೇಕು," ಎಂದೆ. ಅದು ಸುಳ್ಳಲ್ಲ.

ಸಂಜೆ ಸುಜಾತಾಳಿಗೆ ಎಲ್ಲ ಹೇಳಿದೆ.

"ಹೇಳಬ್ಯಾಡ ಮಾಮಾ. ಹೊಸ ಕೇಬಲ್ ಹಾಕು, ಪಾಸ್ ಆಗ್ಲಿ, ಮುಗೀತು. ತಮ್ಮಂದ ತಪ್ಪು ಅಂದ್ರ ಆಂಟಿ ತಡ್ಕೊಳ್ಳಾಂಗಿಲ್ಲ. ಅವರಿಗೆ ಇರೋದು ಅದೊಂದ ನೆನಪು."

"ತನ್ನದ ತಪ್ಪು ಅಂತ ತಡ್ಕೊಂಡಾಳಲ್ಲ?"

"ಅದು ರೂಢಿ ಆಗೈತಿ," ಎಂದಳು ಸುಜಾತಾ.

ಬಂದರು

ಹೊಸ ಕೇಬಲ್ಲಿಗೆ ಅಳತೆ ತೆಗೆದುಕೊಂಡು ಮರುದಿನ ಬಂದರಿಗೆ ಹೋದೆವು. ಸುಜಾತಾಳಿಗೆ ಮಧ್ಯಾಹ್ನದ ನಂತರ ರಜೆಯಿತ್ತು. ದೋಣಿಗಳ ಹಾಯಿಕಂಬಕ್ಕೆ ಉಕ್ಕಿನ ಹಗ್ಗ ಮಾಡಿಕೊಡುವ ಸಣ್ಣ ಕಾರ್ಖಾನೆ ಅದು. ಗಾಡಿಗಳ ಕೇಬಲ್ಲನ್ನೂ ಮಾಡುತ್ತಾರೆ. ಹಡಗಿಗೆ ಏರಿಸಲು ರಾಶಿ ಹಾಕಿದ ಮರದ ದಿಮ್ಮಿಗಳು, ಮೀನಿನ ವಾಸನೆ, ಗಾಳಿಗೆ ನೂರಾರು ಕಂಬಗಳ ತಂತಿ ಕಂಬಕ್ಕೇ ಬಡಿದು ಟಿಣ್ ಟಿಣ್ ಎನ್ನುವ ಸದ್ದು. ಜನರೇ ಇಲ್ಲದ ಜಾತ್ರೆಯ ಗಂಟೆಗಳ ಹಾಗೆ ಅವು ಬಡಿಯುತ್ತಲೇ ಇದ್ದವು.

ಅಲ್ಲಿನ ಯಜಮಾನ ನನ್ನಷ್ಟೇ ವಯಸ್ಸಿನವನು. ನಾನು ಸುತ್ತಿಗೆ, ಬೆಂಕಿ, ಸೀಸ ಇಟ್ಟುಕೊಂಡು ಮಾಡುವುದನ್ನು ಅವನ ಯಂತ್ರ ಒಂದೇ ಒತ್ತಿಗೆ ಮಾಡುತ್ತಿತ್ತು. ಹೊಟ್ಟೆಕಿಚ್ಚಿನಿಂದ ನೋಡುತ್ತ ನಿಂತೆ. ಕವಚ ಕತ್ತರಿಸುವಾಗ ಯಾವ ಗಾಡಿಗೆ ಎಂದು ಕೇಳಿದ. ಸುಜಾತಾ ನೋಲೀನ್ ಹೆಸರು ಹೇಳಿದಳು.

ಅವನ ಕೈ ಯಂತ್ರದ ಮೇಲೆಯೇ ನಿಂತಿತು.

"ಆ ಕಾರಿಗಾ?" ಎಂದ. "ನಾನು ಹದಿನೈದು ವರ್ಷ ಆಕೆಯ ಮೇಜಿನ ಪಕ್ಕ ಹಾಯಿ ಹೊಲಿದವನು. ಒದ್ದೆ ಹಗ್ಗದ ಗಂಟನ್ನು ನಾವು ಗಂಡಸರು ಬಿಚ್ಚಲಾಗದೆ ಆಕೆಯ ಹತ್ತಿರ ತೆಗೆದುಕೊಂಡು ಹೋಗುತ್ತಿದ್ದೆವು. ಆ ಕೈ ಎಳೆದದ್ದು ಸಾಕಾಗಲಿಲ್ಲ ಎಂದರೆ ನಾನು ನಂಬುವುದಿಲ್ಲ. ಆಗಲೇ ಹೇಳಿದೆ, ಯಾರೂ ಕೇಳಲಿಲ್ಲ. ಆಕೆಯೂ ಕೇಳಲಿಲ್ಲ. ಆಮೇಲೆ ಇತ್ತ ಬರುವುದನ್ನೇ ಬಿಟ್ಟಳು."

ಕೇಬಲ್ಲನ್ನು ಸುತ್ತಿ ನನ್ನ ಕೈಗೆ ಕೊಟ್ಟ. ಕಾರಿನಲ್ಲಿ ಬರುವಾಗ ಸುಜಾತಾ ಒಂದೇ ಮಾತು ಆಡಿದಳು. "ಹೇಳು ಮಾಮಾ."

ಇಳಿಜಾರು

ಬಾಯಲ್ಲಿ ಹೇಳಿದರೆ ಆಕೆ ನಂಬುವುದಿಲ್ಲ ಎಂದು ನನಗನಿಸಿತು. ಸಮಾಧಾನಕ್ಕೆ ಹೇಳುತ್ತಿದ್ದಾನೆ ಎಂದುಕೊಳ್ಳಬಹುದು. ಶನಿವಾರ ಬೆಳಗ್ಗೆ ನೋಲೀನ್‌ಗೆ ಹೇಳಿದೆ: "ಹೊಸದನ್ನು ಹಾಕುವ ಮೊದಲು ಹಳೆಯದನ್ನು ಒಂದು ಸಲ ನೋಡಬೇಕು. ಆ ದಿನ ಏನೇನು ಮಾಡಿದಿರೋ ಅಷ್ಟನ್ನೂ ಮಾಡಿ."

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಒಳಗೆ ಹೋಗಿ ಕಾರಿನ ಕೀಲಿ ತಂದರು.

ಹಳೆಯ ಕೇಬಲ್ಲನ್ನು ನಟ್ಟಿನ ಗುರುತು ಎಲ್ಲಿತ್ತೋ ಅಲ್ಲಿಗೇ ಕೂರಿಸಿದೆ. ಹಿಂದಿನ ಕೊಕ್ಕೆಗೆ ದಪ್ಪ ಹಗ್ಗ ಹಾಕಿ, ಎರಡು ಮಾರು ಸಡಿಲ ಬಿಟ್ಟು ಮೇಲಿನ ಮರಕ್ಕೆ ಕಟ್ಟಲು ಸಿದ್ಧ ಮಾಡಿದೆ. ಕೆಳಗೆ ಗೇಟಿನ ಮುಂದೆ ಹಳೆಯ ಟೈರು ಒಟ್ಟಿದೆ. ಸುಜಾತಾಳನ್ನು ಮೇಲೆ ಮನೆಯ ಮೆಟ್ಟಿಲ ಮೇಲೆ ಕೂರಿಸಿದೆ. ಇಳಿಜಾರಿನಲ್ಲಿ ಯಾರೂ ನಿಲ್ಲಕೂಡದು ಎಂದು ಎರಡು ಸಲ ಹೇಳಿದೆ.

ನೋಲೀನ್ ಕೂತು ಹನ್ನೊಂದು ಸಲ ಹತ್ತಿಸಿ ಇಳಿಸಿದರು. ಇಳಿಯುವಾಗೆಲ್ಲ ಕಾಲಬ್ರೇಕು ಒತ್ತಿ ಒತ್ತಿ ಡಿಸ್ಕು ಕಾದು ವಾಸನೆ ಬಂತು. ಹನ್ನೊಂದನೆಯ ಸಲ ಮೂತಿ ಗೇಟಿನ ಕಡೆ ಮಾಡಿ ಮೇಲೆ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಗೇರು ತೆಗೆದರು. ಲಿವರು ಎಳೆದರು. ಲಿವರಿನ ಹಲ್ಲು ಸಿಕ್ಕುವ ಏಳು ಕಟಕಟ ಎಣಿಸಿದೆ. ನಾನು ಹಗ್ಗ ಕಟ್ಟಿ ಬಂದು, ಅವರ ಕೈಯ ಮೇಲಿಂದ ನನ್ನ ಕೈಯಿಟ್ಟು ಮತ್ತೆ ಎಳೆದೆ. ಇನ್ನೊಂದು ಹಲ್ಲೂ ಬರಲಿಲ್ಲ.

"ಇದಕ್ಕಿಂತ ಹೆಚ್ಚು ನನ್ನಿಂದಲೂ ಆಗುವುದಿಲ್ಲ," ಎಂದೆ.

ಇಬ್ಬರೂ ಹಿಂದಿನಿಂದ ದಬ್ಬಿದೆವು. ಕಲ್ಲಿನ ಹಾಗೆ ನಿಂತಿತ್ತು. ಆಮೇಲೆ ಮೆಟ್ಟಿಲಿನ ಮೇಲೆ ಹೋಗಿ ಕೂತೆವು.

ಪೇರಲದ ಜಾತಿಯ ಒಂದು ಹಣ್ಣಿನ ಮರ ಅಂಗಳದ ಅಂಚಿಗಿತ್ತು. ಫಿಜೋವಾ ಎನ್ನುತ್ತಾರೆ. ಹಣ್ಣಾದವು ತಾವಾಗಿಯೇ ಬೀಳುತ್ತಿದ್ದವು. ಧಪ್. ಸ್ವಲ್ಪ ಹೊತ್ತಿಗೆ ಮತ್ತೆ ಧಪ್. ನಡುವೆ ಕಾರಿನ ಕೆಳಗಿನಿಂದ ಕಾದ ಕಬ್ಬಿಣ ಆರುವ ಸದ್ದು: ಟಿಕ್. ಟಿಕ್. ಬಿಸಿಲು ಚೆನ್ನಾಗಿತ್ತು. ಹತ್ತು ನಿಮಿಷ ಕಳೆಯಿತು. ಹದಿನೈದು. ಟಿಕ್ ಸದ್ದು ದೂರ ದೂರವಾಯಿತು. ಸುಜಾತಾ ನನ್ನ ಕಡೆ ನೋಡಿದಳು. ನಾನು ತಪ್ಪಾಗಿದ್ದರೆ ಏನು ಗತಿ ಎಂಬ ಯೋಚನೆ ಆಗ ಮೊದಲ ಸಲ ಬಂತು. ಕಾರು ಅಲುಗದೆ ನಿಂತರೆ ಆಕೆಯ ತಪ್ಪಿಗೆ ನಾನೇ ಎರಡನೆಯ ಸಲ ಮುದ್ರೆ ಒತ್ತಿ ಕೊಟ್ಟ ಹಾಗೆ.

ಇಪ್ಪತ್ತೆರಡನೆಯ ನಿಮಿಷಕ್ಕೆ ಟಿಕ್ ಸದ್ದು ನಿಂತೇಹೋಯಿತು.

ಅದು ಹೊರಟದ್ದು ನನಗೆ ಮೊದಲು ಗೊತ್ತಾಗಲಿಲ್ಲ. ಮುಂದಿನ ಗಾಲಿಗೆ ಅಂಟಿದ್ದ ಒಂದು ಒಣ ಎಲೆ ಮೇಲಿತ್ತು. ನೋಡುತ್ತಿದ್ದ ಹಾಗೆ ಅದು ಮುಂದಕ್ಕೆ ಬಾಗಿ ಗಾಲಿಯ ಕೆಳಗೆ ಹೋಯಿತು. ಸದ್ದಿಲ್ಲ. ಗಾಳಿಯಿಲ್ಲ. ಯಾರೋ ಬಂದು ಕೂತು, ಕನ್ನಡಿ ಸರಿಮಾಡಿಕೊಂಡು, ನಿಧಾನವಾಗಿ ಬ್ರೇಕು ಬಿಟ್ಟ ಹಾಗೆ ಆ ಹಸಿರು ಕಾರು ನಮ್ಮ ಕಣ್ಣೆದುರಿಗೆ ಹೊರಟಿತು. ಖಾಲಿ ಸೀಟು, ಸ್ಟೇರಿಂಗು ಒಂಚೂರು ಎಡಕ್ಕೆ ತಿರುಗಿತು. ಕಾರಣ ಪೂರ್ತಿ ಗೊತ್ತಿದ್ದವನು ನಾನು. ನನ್ನ ಕೈಯ ರೋಮವೆಲ್ಲ ನಿಂತಿತ್ತು. ಸುಜಾತಾ ನನ್ನ ತೋಳು ಹಿಡಿದುಕೊಂಡಳು.

ಎರಡು ಮಾರಿಗೆ ಹಗ್ಗ ಬಿಗಿದು ಮರ ಅಲುಗಿತು. ಕಾರು ನಿಂತಿತು.

ನೋಲೀನ್ ಎದ್ದು ನಿಂತಿದ್ದರು.

"ನಾನು ಎಳೆದಿದ್ದೆ," ಎಂದರು.

"ಹೌದು. ಎಳೆದಿದ್ದಿರಿ."

"ಏಳು ಹಲ್ಲು."

"ಏಳು. ನಾನೂ ಎಣಿಸಿದೆ. ಡಿಸ್ಕು ಆರಿ ಕುಗ್ಗಿತು, ಅಷ್ಟೇ."

ಅವರು ಅಲ್ಲಿಗೆ ಬಿಡುವವರಲ್ಲ ಎಂದು ನನಗೆ ಗೊತ್ತಿತ್ತು. ಒಂಬತ್ತು ವರ್ಷ ದೀಪ ಹಿಡಿದವರು. "ಲಿವರು ಬಹಳ ಮೇಲೆ ಬರುತ್ತದೆ ಎಂದ ರಾಸ್, ಆ ದಿನ ಬೆಳಗ್ಗೆ," ಎಂದು ನಿಧಾನವಾಗಿ ಹೇಳಿದರು. "ಗಾಲಿ ಬಿಚ್ಚೋಣವೇ ಎಂದು ಕೇಳಿದೆ. ಬೇಡ, ಕೇಬಲ್ಲಿನಲ್ಲೇ ಬಿಗಿಮಾಡುತ್ತೇನೆ, ಬೇಗ ಆಗುತ್ತದೆ ಎಂದ. ನಾನೇ ಪಾನಾ ಕೊಟ್ಟೆ."

ನಾನು ನನ್ನದೊಂದು ಸಂಗತಿ ಹೇಳಿದೆ. ಅಂಗಡಿ ಇಟ್ಟ ಎರಡನೆಯ ವರ್ಷ, ಹೊಸ ಕೇಬಲ್ಲು ಹಾಕಿ, ಗಾಲಿ ಬಿಚ್ಚುವ ಸೋಮಾರಿತನಕ್ಕೆ ಕೇಬಲ್ಲನ್ನೇ ಬಿಗಿದು ಒಂದು ಟೆಂಪೋ ಕಳಿಸಿದ್ದೆ. ಅದು ಮಧ್ಯಾಹ್ನದ ಹೊತ್ತು ತಾನಾಗಿ ಉರುಳಿ, ಮುಚ್ಚಿದ ಅಂಗಡಿಯ ಬಾಗಿಲಿಗೆ ಗುದ್ದಿ ನಿಂತಿತು. ಅಲ್ಲಿ ಆಗ ಯಾರೂ ಬೆನ್ನು ಮಾಡಿ ನಿಂತಿರಲಿಲ್ಲ. ನನಗೂ ರಾಸ್‌ಗೂ ಇರುವ ವ್ಯತ್ಯಾಸ ಅಷ್ಟೇ. ಹೆಂಡತಿಗೂ ನಾನು ಹೇಳಿರದ ಮಾತು ಅದು. ಸುಜಾತಾ ಅದನ್ನು ಇಂಗ್ಲಿಷಿಗೆ ತಿರುಗಿಸುವಾಗ ನನ್ನ ಕಡೆ ನೋಡಲಿಲ್ಲ.

ನೋಲೀನ್ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಎರಡು ದಿನ ಹೊರಗೆ ಬರಲಿಲ್ಲ. ಸೋಮವಾರ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಗೋಡೆಯಾಚೆಯಿಂದ ಅವರ ದನಿ ಕೇಳಿಸಿತು. ಯಾರ ಜೊತೆಗೋ ಜಗಳ. ಅವರು ಮಾತಾಡುವುದು, ನಿಲ್ಲಿಸುವುದು, ಉತ್ತರ ಕೇಳಿಸಿಕೊಂಡವರ ಹಾಗೆ ಮತ್ತೆ ಏರಿದ ದನಿಯಲ್ಲಿ ಶುರುಮಾಡುವುದು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಒಂದು ಪಾತ್ರೆ ಬಿತ್ತು. ರಾಸ್ ಎಂಬ ಹೆಸರು ನಾಲ್ಕೈದು ಸಲ ಬಂತು. ಆ ನಡುವಿನ ಖಾಲಿಯಲ್ಲಿ ನಾನೂ ಕಿವಿಗೊಟ್ಟು ಕೂತುಬಿಟ್ಟಿದ್ದೆ. ಏನನ್ನು ಕೇಳಿಸಿಕೊಳ್ಳಲು ಎಂದು ಹೊಳೆದಾಗ ಎದ್ದು ಬೀದಿಗೆ ಹೋದೆ.

"ಎರಡು ವರ್ಷದಾಗ ಒಂದ್ಸಲಾನೂ ಅವನ ಮ್ಯಾಲ ಸಿಟ್ಟು ಮಾಡಿದ್ದಿಲ್ಲ ಅವರು," ಎಂದಳು ಸುಜಾತಾ ಸಂಜೆ.

ಹೊಸ ಕೇಬಲ್ಲು

ಮಂಗಳವಾರ ಎಂಟಕ್ಕೆ ನಮ್ಮ ಬಾಗಿಲು ತಟ್ಟಿದರು. ಕಣ್ಣು ಊದಿತ್ತು. ಕೈಯಲ್ಲಿ ದೀಪವಿತ್ತು.

"ಹೊಸದು ಹಾಕೋಣ, ಬಾಸ್. ಈ ಸಲ ಗಾಲಿ ಬಿಚ್ಚಿ."

ಬಿಚ್ಚಿದೆವು. ಮೊದಲು ಕೇಬಲ್ಲನ್ನು ಪೂರ್ತಿ ಸಡಿಲ ಬಿಟ್ಟು, ಎರಡೂ ತೋಳು ತಡೆಗೆ ತಾಗಿದ್ದನ್ನು ನೋಡಿಕೊಂಡೆ. ನೋಲೀನ್ ಸೀಟಿನಲ್ಲಿ ಕೂತು ಕಾಲಬ್ರೇಕನ್ನು ಮೂವತ್ತು ಸಲ ಒತ್ತಿದರು. ಪ್ಯಾಡುಗಳು ತಾವಾಗಿ ಡಿಸ್ಕಿನ ಹತ್ತಿರ ಬಂದು ಕೂತವು. ಹೊಸ ಕೇಬಲ್ಲನ್ನು ಎಲ್ಲಿಯೂ ಮಡಚದ ಹಾಗೆ ಅಗಲವಾದ ಬಾಗಿನಲ್ಲಿ ಒಯ್ದೆ, ಬಿಸಿಯಾಗುವ ಪೈಪಿನಿಂದ ದೂರ. ಆಮೇಲೆ ನಟ್ಟನ್ನು ಬೆರಳಿನಿಂದಲೇ ತಿರುಗಿಸಿದೆ. ಕೇಬಲ್ಲಿನ ಸಡಿಲು ಹೋಗಬೇಕು, ತೋಳು ಮಾತ್ರ ಜಾಗ ಬಿಡಬಾರದು. ಹೊಸ ಕೇಬಲ್ಲು ಹಿಗ್ಗಿ ಕೂರುವವರೆಗೆ ಎರಡು ದಿನ ಸುಳ್ಳು ಹೇಳುತ್ತದೆ, ಹಾಗಾಗಿ ಅವರಿಂದ ಲಿವರನ್ನು ಬಲವಾಗಿ ಇಪ್ಪತ್ತು ಸಲ ಎಳೆಸಿದೆ. ಕವಚ ತನ್ನ ಜಾಗದಲ್ಲಿ ಗಟ್ಟಿಯಾಗಿ ಕೂತಿತು. ಮತ್ತೆ ಒಂದು ಸುತ್ತು ತಿರುಗಿಸಿ ಲಾಕ್ ನಟ್ಟು ಬಿಗಿದೆ. ಐದು ಹಲ್ಲಿಗೆ ಗಾಲಿ ಹಿಡಿದವು. ಬಿಟ್ಟರೆ ಎರಡೂ ಗಾಲಿ ಬೆರಳ ತುದಿಗೆ ತಿರುಗಿದವು.

ಕೆಲಸದುದ್ದಕ್ಕೂ ಅವರು ಪಾನಾ ಕೊಡುವ ಮೊದಲು "ಯಾವುದು ಬೇಕು?" ಎಂದು ಕೇಳುತ್ತಿದ್ದರು.

ಗುರುವಾರ ಬಂದ ಪರೀಕ್ಷಕ ಹೆಚ್ಚು ಮಾತಿನವನಲ್ಲ. ಕೆಳಗೆ ತೂರಿದ, ಟಾರ್ಚು ಹಾಕಿದ, ಕೇಬಲ್ಲನ್ನು ಚಿವುಟಿ ನೋಡಿದ. ಇಳಿಜಾರಿನಲ್ಲಿ ಎರಡೂ ದಿಕ್ಕಿಗೆ ನಿಲ್ಲಿಸಿ ನೋಡಿದ. ಮೂತಿಯ ತಗ್ಗನ್ನು ಮುಟ್ಟಿ, "ಇದನ್ನು ಸರಿ ಮಾಡಿಸುವುದಿಲ್ಲವೇ?" ಎಂದ. ನೋಲೀನ್ ಇಲ್ಲ ಎಂದರು. ಅವನು ಸಹಿ ಹಾಕಿದ.

ಸಮುದ್ರದ ಮೇಲಿನ ರಸ್ತೆ

ನಂಬರ್ ಪ್ಲೇಟು ಬರಲು ಮತ್ತೆ ಹತ್ತು ದಿನ ಹಿಡಿಯಿತು. ಬಂದ ದಿನವೇ ಮಧ್ಯಾಹ್ನ ನೋಲೀನ್ ನನ್ನನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಹೊರಟರು. ಕಾರು ಎಷ್ಟು ತಗ್ಗೆಂದರೆ, ಎದುರಿಗೆ ಬಂದ ಲಾರಿಗಳ ಹೊಟ್ಟೆ ಕಾಣುತ್ತಿತ್ತು. ಗಾಳಿಗೆ ನನ್ನ ಟೊಪ್ಪಿಗೆ ಹಾರಿಹೋಯಿತು, ಅವರು ನಿಲ್ಲಿಸಲಿಲ್ಲ. ಊರು ದಾಟಿ, ಗುಡ್ಡ ಹತ್ತಿ ಅರ್ಧ ಇಳಿದು, ಸಮುದ್ರ ಕಾಣುವ ಒಂದು ಕಡೆ ರಸ್ತೆಯಿಂದ ಬದಿಗೆ ತಿರುಗಿಸಿ ನಿಲ್ಲಿಸಿದರು. ಮೂತಿ ಇಳಿಜಾರಿಗಿತ್ತು. ಅದರಾಚೆ ಹುಲ್ಲು, ತಂತಿಬೇಲಿ, ಬಹಳ ಕೆಳಗೆ ನೀರು.

ಎಂಜಿನ್ ಬಂದ್ ಮಾಡಿದರು. ಗೇರು ತೆಗೆದರು. ಲಿವರು ಎಳೆದರು. ಐದು ಹಲ್ಲು. ಆಮೇಲೆ ಇಳಿದು, ಕಾರನ್ನು ಸುತ್ತಿ ಬಂದು, ಅದರ ಮುಂದೆ ಮೂರು ಹೆಜ್ಜೆ ಕೆಳಗೆ, ಕಾರಿಗೆ ಬೆನ್ನು ಮಾಡಿ ನಿಂತರು.

"ನೋಲೀನ್," ಎಂದೆ.

ಅವರು ತಿರುಗಲಿಲ್ಲ. "ನೀವು ಅಲ್ಲೇ ಕೂತಿರಿ, ಬಾಸ್. ಲಿವರು ಮುಟ್ಟಬೇಡಿ."

ಕೂತೆ. ಎರಡೂ ಕೈಯನ್ನು ಮೊಣಕಾಲ ನಡುವೆ ಸಿಕ್ಕಿಸಿಕೊಂಡೆ. ಹಿಂದಿನಿಂದ ಟಿಕ್, ಟಿಕ್ ಎಂದು ಶುರುವಾಯಿತು. ಗುಡ್ಡ ಹತ್ತಿ ಇಳಿದು ಡಿಸ್ಕು ಚೆನ್ನಾಗಿ ಕಾದಿತ್ತು. ಒಂದು ದನವಿಲ್ಲ, ಕುರಿಯಿಲ್ಲ, ಮನುಷ್ಯರಿಲ್ಲ; ಗಾಳಿಗೆ ಅವರ ಅಂಗಿ ಬೆನ್ನಿಗೆ ಅಂಟಿ ಬಿಡುತ್ತಿತ್ತು. ಎಡಗಡೆಯ ತೋಳು ತಡೆಗೆ ತಾಗಿತ್ತೇ? ತಾಗಿತ್ತು. ಲಾಕ್ ನಟ್ಟು ಬಿಗಿದೆನೇ? ಬಿಗಿದೆ. ಮತ್ತೆ ಮೊದಲಿನಿಂದ ಎಣಿಸಿದೆ. ಮೂವತ್ತೊಂದು ವರ್ಷದಲ್ಲಿ ನಾನು ಮಾಡಿದ ಸಾವಿರಾರು ಕೇಬಲ್ಲುಗಳ ಮುಂದೆ ಯಾರು ಯಾರು ಹೀಗೆ ಬೆನ್ನು ಮಾಡಿ ನಿಂತಿದ್ದಾರೋ ನನಗೆ ಗೊತ್ತಿಲ್ಲ. ಒಬ್ಬರನ್ನೂ ನಾನು ನೋಡಿರಲಿಲ್ಲ.

ಟಿಕ್ ಸದ್ದು ವಿರಳವಾಯಿತು. ಆಮೇಲೆ ನಿಂತಿತು. ನಿಂತ ಮೇಲಿನ ಆ ಕೆಲವು ನಿಮಿಷ ಕೆಳಗಿನ ಬೇಲಿಯ ಒಂದು ಕಂಬದ ಮೇಲೇ ಕಣ್ಣಿಟ್ಟು ಕೂತೆ. ಸೀಟಿನ ಕೆಳಗೆ ಏನೂ ಅಲುಗಲಿಲ್ಲ.

ಅರ್ಧ ತಾಸು ಕಳೆದ ಮೇಲೆ ಅವರು ತಿರುಗಿದರು. ನನ್ನನ್ನು ನೋಡಲಿಲ್ಲ, ಮುಂದಿನ ಗಾಲಿಯನ್ನು ನೋಡಿದರು.

"ಪೂರ್ತಿ ಆರಿದೆಯೇ?" ಎಂದು ಕೇಳಿದರು.

ನಾನಿಳಿದು ಹಿಂದಕ್ಕೆ ಹೋಗಿ, ಗಾಲಿಯ ಸಂದಿನಲ್ಲಿ ಬೆರಳು ತೂರಿಸಿ ಡಿಸ್ಕನ್ನು ಮುಟ್ಟಿದೆ. ಈ ಕಡೆ ಮುಟ್ಟಿದೆ, ಆ ಕಡೆಯೂ ಮುಟ್ಟಿದೆ.

"ಆರಿದೆ," ಎಂದೆ.